ನೂರಕ್ಕೆ ನೂರು ಹಾಜರಿ

ಕಲ್ಯಾಣಪುರದ ನಮ್ಮ ಮನೆಯ ಶೋಕೇಸಿನಲ್ಲಿ ಹತ್ತು ಸ್ಟೀಲ್ ತಟ್ಟೆಗಳಿವೆ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ವರ್ಷಕ್ಕೊಂದರಂತೆ ನನಗೆ ಬಂದ ಬಹುಮಾನಗಳು. ಓದಿಗೆ ಬಂದದ್ದು ಅದರಲ್ಲಿ ಒಂದೂ ಇಲ್ಲ, ಆಟದ್ದಂತೂ ಕೇಳಲೇ ಬೇಡಿ. ಎಲ್ಲವೂ ಹಾಜರಿಗೆ ಬಂದವು. ಅಂದರೆ ದಿನಾ ಶಾಲೆಗೆ ಹೋಗಿ ಬೆಂಚಿನ ಮೇಲೆ ಕೂತದ್ದಕ್ಕೆ. ಅಷ್ಟು ಸಾಧನೆಗೆ ಶೋಕೇಸು ಬೇಕಾ ಎಂದು ನನ್ನ ಗಂಡ ಮಸ್ಕತ್ತಿನಿಂದ ಬಂದಾಗಲೆಲ್ಲ ಕೇಳುತ್ತಾರೆ. ನಾನು ತಟ್ಟೆಗಳ ಧೂಳು ಒರೆಸುತ್ತೇನೆ.

ಐದನೆಯ ತರಗತಿಯ ತಟ್ಟೆಗೆ ಒಂದು ಚರಿತ್ರೆ ಇದೆ. ಆ ವರ್ಷ ನನಗೆ ಕೆಪ್ಪಟ್ರಾಯ, ಅಂದರೆ ಮಂಗನಬಾವು ಬಂದು ಎರಡೂ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ಒಂದು ದಿನ ಮನೆಯಲ್ಲಿ ಕೂತರೆ ತಟ್ಟೆ ಹೋಗುತ್ತದಲ್ಲ! ತಲೆಯಿಂದ ಗದ್ದದವರೆಗೆ ಸ್ಕಾರ್ಫ್ ಬಿಗಿದು, ಚಳಿ ಎಂದು ಹೇಳಿ ಶಾಲೆಗೆ ಹೋದೆ. ಉಡುಪಿಯಲ್ಲಿ ಚಳಿ ಎಂದರೆ ನಂಬಿದ ನಮ್ಮ ಟೀಚರ್ ಎಷ್ಟು ಒಳ್ಳೆಯವರಿರಬೇಕು. ತಿಂಗಳೊಳಗೆ ತರಗತಿಯ ಅರ್ಧಕ್ಕರ್ಧ ಮಕ್ಕಳು, ಜೊತೆಗೆ ಲೆಕ್ಕದ ಮಾಸ್ಟ್ರು, ಕೆನ್ನೆ ಹಿಡಿದುಕೊಂಡು ಮಲಗಿದರು. ಆ ಸಲ ಹಾಜರಿಯ ಬಹುಮಾನಕ್ಕೆ ನನಗೆ ಎದುರಾಳಿಯೇ ಇರಲಿಲ್ಲ.

ಇಂಥವಳು ಟೀಚರಾಗದೆ ಬೇರೆ ಎಂತ ಆಗುವುದು? ಕಾಪುವಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಮದುವೆಯನ್ನು ಬೇಸಗೆ ರಜೆಯಲ್ಲೇ ಇಟ್ಟುಕೊಂಡೆ. ಹೆರಿಗೆಯ ರಜೆಯೊಂದನ್ನು ಮಾತ್ರ ತಪ್ಪಿಸಲಾಗಲಿಲ್ಲ. ಅದು ಮಗಳ ತಪ್ಪು, ಅವಳು ಏಪ್ರಿಲ್‌ವರೆಗೆ ಕಾಯಲಿಲ್ಲ. ಶಾಲೆಯಲ್ಲಿ ಪೂರ್ಣ ಹಾಜರಿಗೆ ಸ್ಟೀಲ್ ತಟ್ಟೆ ಕೊಡುವ ಪದ್ಧತಿ ಶುರು ಮಾಡಿಸಿದವಳೂ ನಾನೇ. ಮಕ್ಕಳು ನನಗೆ ಇಟ್ಟ ಹೆಸರು ತಟ್ಟೆ ಟೀಚರ್. ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ.

ಇಷ್ಟಾಗಿಯೂ ವರ್ಷ ವರ್ಷ ರಜಾ ಅರ್ಜಿ ಬರೆಯಲು ಕಲಿಸುವ ಪುಣ್ಯವೂ ನನ್ನದೇ. 'ಮಾನ್ಯರೇ, ನನಗೆ ಜ್ವರ ಬಂದಿರುವುದರಿಂದ' ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ನಕಲು ಮಾಡುತ್ತಾರೆ. ಹಾಗಾಗಿ ನಮ್ಮ ಶಾಲೆಯಲ್ಲಿ ಅಕ್ಕನ ಮದುವೆಗೂ ಜ್ವರ, ಅಜ್ಜಿಮನೆಯ ಭೂತಕೋಲಕ್ಕೂ ಜ್ವರ. ಸುಳ್ಳೆಂದು ಗೊತ್ತಿದ್ದರೂ ವಿರಾಮಚಿಹ್ನೆ ಸರಿ ಇದೆಯಾ ಎಂದು ಮಾತ್ರ ನೋಡುತ್ತೇನೆ.

ಜ್ವರ ಎನ್ನದೆ ನಿಜ ಹೇಳಿಕೊಂಡು ಬಂದವರು ಒಬ್ಬರಿದ್ದರು. ಹೋದ ವರ್ಷ, ಗದಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ ಒಬ್ಬ ತಂದೆ. ಅಂಗಿಯ ತೋಳಿನಲ್ಲಿ ಸಿಮೆಂಟು ಒಣಗಿತ್ತು. ಪಕ್ಕದಲ್ಲಿ ನಿಂತಿದ್ದ ಅವರ ಮಗಳು ಆಗ ನನ್ನ ಎಂಟನೆಯ ತರಗತಿಯಲ್ಲಿದ್ದಳು, ಖೋ ಖೋದಲ್ಲಿ ಗಾಳಿಯ ಹಾಗೆ ಓಡುವವಳು. ಹನ್ನೆರಡು ದಿನದ ತರಬೇತಿ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ, ಕಳಿಸಬಹುದಾ ಎಂದು ಕೇಳಿದರು. ಹನ್ನೆರಡು ದಿನದಲ್ಲಿ ಎಷ್ಟು ಪಾಠ ಹೋಗುತ್ತದೆ, ಓಟ ಮುಂದೆ ಅನ್ನ ಕೊಡುತ್ತದಾ ಎಂದು ಕಾಲು ಗಂಟೆ ಉಪದೇಶ ಮಾಡಿ, ಕೊನೆಗೆ "ನಿಯಮ ಅಂದರೆ ನಿಯಮ" ಎಂದೆ. ಹಾಗೆ ಹೇಳುವ ನಿಯಮವೇನೂ ಇರಲಿಲ್ಲ, ಅದು ನನ್ನದೇ. ಅವರು ವಾದ ಮಾಡಲಿಲ್ಲ. "ಆತ್ರಿ ಅಕ್ಕಾರ" ಎಂದು ಹೇಳಿ, ಮೆಟ್ಟಿಲಿನ ಕೆಳಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದರು. ಒಬ್ಬಳ ಭವಿಷ್ಯ ಉಳಿಸಿದೆ ಎಂದು ಆ ದಿನ ನಾನು ಸ್ಟಾಫ್ ರೂಮಿನಲ್ಲಿ ಇನ್ನೊಂದು ಚಹಾ ಕುಡಿದೆ.

ಈ ವರ್ಷ ನನ್ನ ಮಗಳ ಸರದಿ. ಅವಳೂ ನನ್ನ ಶಾಲೆಯಲ್ಲೇ, ಆ ಗಾರೆಯವರ ಮಗಳಿರುವ ಒಂಬತ್ತನೆಯ ತರಗತಿಯಲ್ಲೇ, ಅವಳ ಕ್ಲಾಸ್ ಟೀಚರ್ ನಾನೇ. ಪಾಪದ ಹುಡುಗಿ, ಅವಳ ಕಪಾಟಿನಲ್ಲೂ ಎಂಟು ತಟ್ಟೆಗಳಿವೆ. ಕ್ರಿಸ್ಮಸ್ಸಿಗೆ ಚರ್ಚಿನ ಗೋದಲಿಗೆ ಅವಳು ಆವೆಮಣ್ಣಿನಲ್ಲಿ ಕುರಿ, ದನ, ಕುರುಬರನ್ನು ಮಾಡುತ್ತಾಳೆ. ಈ ಸಲದ ಹಸು ನಾಲಗೆ ಚಾಚಿ ತನ್ನ ಮೂಗನ್ನೇ ನೆಕ್ಕಿಕೊಳ್ಳುತ್ತಿತ್ತು. ಬಾಲಯೇಸುವಿನ ಎದುರು ಇದೆಂಥ ಅಶಿಸ್ತು ಎಂದು ನಾನು ಗದರಿದ್ದೆ. ಚರ್ಚಿನ ಮೆಟ್ಟಿಲ ಕಲ್ಲಿನ ಕೆಲಸಕ್ಕೆ ಬಂದ ಕಾರ್ಕಳದ ಹಿರಿಯ ಶಿಲ್ಪಿಯೊಬ್ಬರು ಅದೇ ಹಸುವಿನ ಎದುರು ತುಂಬ ಹೊತ್ತು ನಿಂತು, "ಇದನ್ನು ಮಾಡಿದ್ದು ಯಾರು?" ಎಂದು ಕೇಳಿದರಂತೆ. ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಾರೆ. ಜನವರಿಯಲ್ಲಿ ತಮ್ಮ ಶೆಡ್ಡಿನಲ್ಲಿ ಹತ್ತು ದಿನದ ಶಿಬಿರ ಉಂಟು, ಏಳೇ ಏಳು ಕಲ್ಲು, ಒಂದು ಇವಳಿಗೆ ಕೊಡುತ್ತೇನೆ ಎಂದರು. ಅವರ ಶರತ್ತು ಒಂದೇ. ಬೆಳಿಗ್ಗೆ ಎಂಟಕ್ಕೆ ಉಳಿ ಹಿಡಿದು ಕೂತಿರಬೇಕು, ಇಲ್ಲದಿದ್ದರೆ ಆ ಕಲ್ಲು ಕಾಯುತ್ತಿರುವ ಇನ್ನೊಬ್ಬರಿಗೆ.

ಹತ್ತು ದಿನ! ನನಗೆ ಎರಡು ದಿನ ಅನ್ನ ಸೇರಲಿಲ್ಲ. ಹೆಡ್ಮಾಸ್ಟ್ರು ಬೇಡ ಎನ್ನುತ್ತಾರೆ, ಪಾಪ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು ಎಂದು ಅವರ ಹತ್ತಿರ ಹೋದೆ. ಅವರು ಫೈಲಿನಿಂದ ತಲೆ ಎತ್ತದೆ, "ಕಳಿಸಿ ಟೀಚರ್. ಹತ್ತು ದಿನದಲ್ಲಿ ಎಂತ ಆಗ್ತದೆ?" ಎಂದರು. ಇಷ್ಟು ಸುಲಭವಾಗಿ ಒಪ್ಪುವ ಹೆಡ್ಮಾಸ್ಟ್ರ ಕೈಕೆಳಗೆ ಇಷ್ಟು ವರ್ಷ ದುಡಿದೆನಲ್ಲ ಎಂದು ನನಗೆ ಬೇಸರವೇ ಆಯಿತು.

ಮಗಳು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿ, ಮಣಿಪಾಲದಲ್ಲಿ ನೂಕುವ ಕಾಲೇಜು ಮಕ್ಕಳ ನಡುವೆ ಬ್ಯಾಗು ಅವುಚಿಕೊಂಡು ಹೋಗುತ್ತಿದ್ದಳು. ಸಂಜೆ ಕೂದಲ ತುಂಬ ಕಲ್ಲಿನ ಪುಡಿಯೊಂದಿಗೆ ಬರುತ್ತಿದ್ದಳು. ಏನು ಕೆತ್ತುತ್ತೀ ಎಂದರೆ "ಬಂಗುಡೆ" ಎಂದಳು. ದೇವದೂತರು, ಹೂವು, ಆನೆ ಎಲ್ಲ ಬಿಟ್ಟು ಮೀನು ಮಾರ್ಕೆಟಿನ ಬಂಗುಡೆ! ಆದರೆ ನಾಲ್ಕನೆಯ ದಿನ ಫೋನಿನಲ್ಲಿ ಚಿತ್ರ ತೋರಿಸಿದಾಗ ನಾನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಕಪ್ಪು ಕಲ್ಲಿನಲ್ಲಿ ಅದು ಬಾಲ ತಿರುಗಿಸಿ ಈಗಷ್ಟೇ ನೀರಿಗೆ ಹಾರುವಂತಿತ್ತು. ಕಣ್ಣಿನ ಜಾಗ ಮಾತ್ರ ಖಾಲಿ. ಕಣ್ಣು ಕೊನೆಗೆ ಕೆತ್ತುವುದಂತೆ, ಅದು ಕೈತಪ್ಪಿದರೆ ಮೀನೇ ಹೋಯಿತಂತೆ. "ಏಳನೇ ದಿನ ಕಣ್ಣು, ಮಮ್ಮಿ" ಎಂದು ಅವಳು ಬೆರಳಲ್ಲಿ ಎಣಿಸುತ್ತಿದ್ದಳು. ಊಟದ ತಟ್ಟೆಯ ಸಾರಿನಲ್ಲೂ ಬೆರಳಿನಿಂದ ಕಣ್ಣು ಬರೆಯುತ್ತಿದ್ದಳು.

ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಎದುರು ದಿನಾ ಗೈರು ಹಾಕುತ್ತಿದ್ದೆ. ಆರು ದಿನ ಹೇಗೋ ತಡೆದುಕೊಂಡೆ. ಏಳನೆಯ ದಿನವೇ ಕನ್ನಡದ ಕಿರುಪರೀಕ್ಷೆ ಬಿತ್ತು. ಬೀಳಲಿಲ್ಲ, ದಿನ ಗೊತ್ತು ಮಾಡಿದ್ದು ನಾನೇ, ಶಿಬಿರದ ಸುದ್ದಿಗೆ ಮೊದಲು. ಬದಲಾಯಿಸಬಹುದಿತ್ತು. ಟೀಚರಮ್ಮನ ಮಗಳಿಗಾಗಿ ಪರೀಕ್ಷೆ ಮುಂದೆ ಹೋಯಿತು ಎನ್ನುತ್ತಾರೆ ಎಂದು ಬದಲಾಯಿಸಲಿಲ್ಲ. ನನ್ನ ಮಗಳೇ ನನ್ನ ಪರೀಕ್ಷೆಗೆ ಗೈರಾದಳು ಎನ್ನುವುದಂತೂ ಸಾಧ್ಯವೇ ಇರಲಿಲ್ಲ. ಹಾಗಾಗಿ ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ ಬರೆಯಲಿ, ಆಮೇಲೆ ನಾನೇ ಸ್ಕೂಟರಿನಲ್ಲಿ ಕಾರ್ಕಳಕ್ಕೆ ಬಿಡುತ್ತೇನೆ.

"ಎಂಟಕ್ಕೆ ಅಲ್ಲಿ ಇರದಿದ್ದರೆ ಕಲ್ಲು ಹೋಗ್ತದೆ ಮಮ್ಮಿ" ಎಂದಳು ಮಗಳು.

"ಅರ್ಧ ದಿನ ತಾನೇ? ಅರ್ಜಿ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ." ಮನೆಯಲ್ಲಿ ನಮ್ಮದು ಕೊಂಕಣಿ. ತಪ್ಪು ನನ್ನದು ಎಂದು ಒಳಗೆ ಗೊತ್ತಿದ್ದಾಗ ಮಾತ್ರ ನಾನು ಕನ್ನಡಕ್ಕೆ ಹೋಗುತ್ತೇನೆ.

ಆ ದಿನ ಬೆಳಿಗ್ಗೆ ಏಳೂವರೆಗೆ ಗೆರೆ ಎಳೆದ ಹಾಳೆಯಲ್ಲಿ ಅರ್ಜಿ ಬರೆದೆ. ಇಂದ, ಗೆ, ವಿಷಯ, ಮಾನ್ಯರೇ, ಇಂತಿ ತಮ್ಮ ವಿಶ್ವಾಸಿ. ಫೋಟೋ ತೆಗೆದು ಆಚಾರ್ರ ವಾಟ್ಸಾಪಿಗೆ ಕಳಿಸಿ ನಿಶ್ಚಿಂತಳಾದೆ. ಮಗಳು ತಲೆ ಬಗ್ಗಿಸಿ ಪರೀಕ್ಷೆ ಬರೆದಳು. ನಾನು ಹೆಡ್ಮಾಸ್ಟ್ರಲ್ಲಿ ಅರ್ಧ ದಿನ ರಜೆ ಕೇಳಿದಾಗ ಅವರು ಗಾಬರಿಯಿಂದ, "ಟೀಚರ್, ನಿಮಗೆ ಜ್ವರವಾ?" ಎಂದರು.

ಶಿರ್ವ, ಬೆಳ್ಮಣ್ಣಿನ ದಾರಿಯಲ್ಲಿ ನನ್ನ ಸ್ಕೂಟರನ್ನು ಸೈಕಲ್ಲಿನವರೂ ಹಿಂದೆ ಹಾಕಿದರು. ಮಗಳು ಹಿಂದೆ ಕೂತು ನನ್ನ ಭುಜದ ಮೇಲಿಂದ ದಾರಿ ನೋಡುತ್ತಿದ್ದಳು. ಶೆಡ್ಡು ತಲುಪುವಾಗ ಹನ್ನೆರಡು ಗಂಟೆ. ಏಳು ಸುತ್ತಿಗೆಗಳ ಟಕ್ ಟಕ್ ದೂರಕ್ಕೇ ಕೇಳುತ್ತಿತ್ತು. ಏಳೂ ಕೇಳುತ್ತಿತ್ತು, ಅದನ್ನು ಅವಳು ನನಗಿಂತ ಮೊದಲು ಎಣಿಸಿರಬೇಕು. ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಓಡಿದಳು, ಬಾಗಿಲಲ್ಲಿ ನಿಂತುಬಿಟ್ಟಳು. ಅವಳ ಬಂಗುಡೆಯ ಎದುರು ಬಜಗೋಳಿಯ ಒಬ್ಬಳು ಕಾಲೇಜು ಹುಡುಗಿ ಕೂತು ಕಣ್ಣು ಕೆತ್ತುತ್ತಿದ್ದಳು.

ಆಚಾರ್ರು ಕೈ ಒರೆಸಿಕೊಂಡು ಬಂದರು. ನನ್ನ ಜೊತೆ ತುಳು ಶುರು ಮಾಡಿದವರು, ಟೀಚರ್ ಎಂದು ನೆನಪಾಗಿ ಕನ್ನಡಕ್ಕೆ ಬಂದರು. "ಚಹಾಕ್ಕೆ ಎದ್ದಾಗ ನಿಮ್ಮ ಕಾಗದ ನೋಡಿದೆ. ಜ್ವರ ಅಂತ ಬರೆದಿದ್ದೀರಿ. ಯೂನಿಫಾರ್ಮ್ ಹಾಕಿಕೊಂಡು ಬರುವ ಜ್ವರ ನಾನು ನೋಡಿದ್ದಿಲ್ಲ."

ನಾನು ಫೋನು ತೆಗೆದು ನೋಡಿದೆ. ಹೌದು, 'ಜ್ವರ ಬಂದಿರುವುದರಿಂದ'. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಕೈ, ತನ್ನಷ್ಟಕ್ಕೆ ಬರೆದಿತ್ತು. ಅದನ್ನು ಹೇಳಿದರೆ ಇನ್ನೂ ನಾಚಿಕೆ ಎಂದು, "ಅರ್ಧ ದಿನ ತಾನೇ ಆಚಾರ್ರೇ, ಹುಡುಗಿ ಆಸೆ ಇಟ್ಟುಕೊಂಡಿದ್ದಾಳೆ" ಎಂದು ಬೇಡಿದೆ. ನಿಜವಾಗಿ ಬೇಡಿದೆ, ಕೈ ಜೋಡಿಸಿದ್ದೆ.

"ಇನ್ನೊಂದು ಕೈ ಬಿದ್ದ ಕಲ್ಲನ್ನು ಹಿಂದೆ ಕೊಡುವುದಿಲ್ಲ. ಮೊದಲ ದಿನವೇ ಹೇಳಿದ್ದೆ," ಎಂದರು. ದನಿ ಜೋರಿರಲಿಲ್ಲ. "ನಿಯಮ ಅಂದರೆ ನಿಯಮ ಅಲ್ವಾ? ನಿಮಗೆ ನಾನು ಹೇಳಬೇಕಾ ಟೀಚರ್?"

"ಆಯ್ತು" ಎಂದೆ. ಅಷ್ಟೇ ಬಾಯಿಗೆ ಬಂತು. ಆಗ ಆ ಗಾರೆಯವರ ನೆನಪಾಯಿತು. ಅವರು ಒಪ್ಪಿಕೊಂಡು ಹೋದರು ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಮಕ್ಕಳ ಎದುರು ಬೇರೆ ಏನೂ ಹೇಳಲಾಗದಾಗ ಬಾಯಿಗೆ ಬರುವ ಮಾತು ಅದು.

ಉಳಿದ ಮೂರು ದಿನ ಬೇಕಾದರೆ ಕಲ್ಲು ಉಜ್ಜಿ ಹೊಳಪು ಕೊಡುವ ಕೆಲಸ ಉಂಟು ಎಂದರು ಆಚಾರ್ರು. ನಾನು ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ಮಗಳು ಬ್ಯಾಗು ಇಳಿಸಿದಳು. ಆ ಮೂರು ದಿನ ಏಳೂ ಕಲ್ಲುಗಳನ್ನು ಉಜ್ಜಿದಳು, ಬಂಗುಡೆಯನ್ನೂ. ಕೊನೆಯ ಸಂಜೆ ಬಂದು ಕೈಕಾಲು ತೊಳೆಯುತ್ತಾ, "ಕಣ್ಣು ಸ್ವಲ್ಪ ದೊಡ್ಡದಾಯ್ತು ಮಮ್ಮಿ. ಬಂಗುಡೆಗೆ ಅಷ್ಟು ದೊಡ್ಡ ಕಣ್ಣು ಇರುವುದಿಲ್ಲ" ಎಂದಳು. ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ನನಗೆ ಆ ಅವಕಾಶವನ್ನೂ ಕೊಡಲಿಲ್ಲ.

ಭಾನುವಾರ ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೂತೆ. ಕೊನೆಯ ಪ್ರಶ್ನೆ, ನಾಲ್ಕು ಅಂಕಕ್ಕೆ, ನಾನೇ ತೆಗೆದದ್ದು: ನಿಮ್ಮ ಮುಖ್ಯೋಪಾಧ್ಯಾಯರಿಗೆ ಒಂದು ರಜಾ ಅರ್ಜಿ ಬರೆಯಿರಿ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿಗೆ ಜ್ವರ. ಒಬ್ಬಳು ಹೀಗೆ ಬರೆದಿದ್ದಳು: 'ಮಾನ್ಯರೇ, ನನಗೆ ಜ್ವರವಿಲ್ಲ. ಈ ದಿನ ನನ್ನ ಮೀನಿಗೆ ಕಣ್ಣು ಕೆತ್ತಲಿಕ್ಕಿದೆ. ಆದ್ದರಿಂದ ಬೆಳಿಗ್ಗೆ ಎಂಟು ಗಂಟೆಯಿಂದ ರಜೆ ಕೊಡಬೇಕಾಗಿ ವಿನಂತಿ.' ನಾಲ್ಕಕ್ಕೆ ನಾಲ್ಕು ಕೊಟ್ಟೆ. ರಜೆ ಕೊಡುವ ಹೊತ್ತು ಕಳೆದು ಹೋಗಿತ್ತು.

ಫೆಬ್ರವರಿಯಲ್ಲಿ ಬಹುಮಾನದ ದಿನ ಬಂತು. ನಮ್ಮ ತರಗತಿಯಲ್ಲಿ ಪೂರ್ಣ ಹಾಜರಿ ಈ ಸಲ ಒಬ್ಬಳದೇ, ಗಾರೆಯವರ ಮಗಳದು. ಪ್ರತಿ ವರ್ಷದ ಹಾಗೆ ತಟ್ಟೆ ಕೊಡಲು ವೇದಿಕೆಗೆ ನನ್ನನ್ನೇ ಕರೆದರು. ಹುಡುಗಿ ಬಂದಳು, ನಡೆದುಕೊಂಡು. ಅವಳು ಎಲ್ಲಿಗೂ ಓಡದೆ ಬಂದದ್ದನ್ನು ನಾನು ಮೊದಲು ನೋಡಿರಲಿಲ್ಲ, ಅಥವಾ ನೋಡಿಯೂ ಗಮನಿಸಿರಲಿಲ್ಲ.

"ಈ ವರ್ಷ ಖೋ ಖೋ ಶಿಬಿರ ಯಾವಾಗ? ನಾನೇ ಕಳಿಸುತ್ತೇನೆ" ಎಂದೆ, ಮೈಕಿಗೆ ಕೇಳದ ಹಾಗೆ.

"ಈಗ ಆಡಂಗಿಲ್ರಿ ಟೀಚರ್" ಎಂದಳು. "ಹೋದ ವರ್ಷ ಹೋದೋರನ್ನಷ್ಟೇ ತಂಡಕ್ಕ ತಗೊಂಡಾರ್ರಿ."

ಫೋಟೋದವನು ಇತ್ತ ನೋಡಿ ಎಂದ. ಇಬ್ಬರೂ ತಟ್ಟೆ ಹಿಡಿದು ನೋಡಿದೆವು. ಕೆಳಗೆ ಸಾಲಿನಲ್ಲಿ ಕೂತ ನನ್ನ ಮಗಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ತಟ್ಟೆ ತೆಗೆದುಕೊಳ್ಳುವಾಗ ಹುಡುಗಿ ನಕ್ಕು, ನನ್ನನ್ನು ಖುಷಿಪಡಿಸಲೆಂದೇ ಹೇಳಿದಳು:

"ಹೋದ ವರ್ಷದ್ದೂ ಮನ್ಯಾಗ ಐತ್ರಿ. ಅಪ್ಪ ಅದರಾಗ ದಿನಾ ಊಟ ಮಾಡ್ತಾನ."