ಒಂದೇ ನಡಿಗೆಗೆ ಎರಡು ಚೀಟಿ

ನನ್ನ ಗಂಡನಿಗೆ ಲಾರಿ ಡ್ರೈವರುಗಳು ಇಟ್ಟಿರುವ ಹೆಸರು ಅನುಮಾನಪ್ಪ. ಗುಜರಿ ಕಬ್ಬಿಣದ ಅಂಗಳದ ಬಾಗಿಲಲ್ಲೇ ಲಾರಿ ತೂಗುವ ಕಾಟಾ ಇದೆ. ಅದರ ಪಕ್ಕದ ಗಾಜಿನ ಗೂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವವರು ಇವರೇ. ತುಂಬಿದ ಲಾರಿ ಒಂದು ಸಲ, ಖಾಲಿಯಾದ ಮೇಲೆ ಇನ್ನೊಂದು ಸಲ ಕಾಟಾ ಹತ್ತಬೇಕು. ಮಧ್ಯದ ವ್ಯತ್ಯಾಸವೇ ಮಾಲಿನ ತೂಕ. ಚೀಟಿಗೆ ಎರಡು ಸಹಿ ಬೀಳಬೇಕು, ಡ್ರೈವರನದೊಂದು, ಇವರದೊಂದು. "ಓದಿ ಸಹಿ ಹಾಕಪ್ಪ" ಎಂದು ಎಲ್ಲರಿಗೂ ಹೇಳುತ್ತಾರೆ. ಯಾರೂ ಓದುವುದಿಲ್ಲ. ಇವರು ಮಾತ್ರ ಎರಡು ಸಲ ಓದುತ್ತಾರೆ.

ಒಮ್ಮೆ ಒಬ್ಬ ಡ್ರೈವರ್ ಮಾಲು ತೂಗಿಸಿ, ಇಳಿಸದೆಯೇ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಟಾರ್ಪಾಲು ಬದಲಿಸಿಕೊಂಡು ಮತ್ತೆ ಬಂದ. ಇವರು ಟಾರ್ಪಾಲು ನೋಡಲೇ ಇಲ್ಲ, ಹಗ್ಗದ ಗಂಟು ನೋಡಿದರು. "ಒಂದೇ ಮಾಲಿಗೆ ಎರಡು ಚೀಟಿ ಕೊಡೋಕೆ ನಾನೇನು ಕಣ್ಣು ಮಾರ್ಕೊಂಡು ಕೂತಿದ್ದೀನಾ?" ಎಂದು ಅವನನ್ನು ಹಿಡಿದ ಕಥೆಯನ್ನು ಇದುವರೆಗೆ ನೂರು ಸಲವಾದರೂ ಕೇಳಿದ್ದೇನೆ.

ಕೆಲಸದ ಬುದ್ಧಿಯನ್ನು ಕೆಲಸದಲ್ಲೇ ಬಿಟ್ಟು ಬರುವ ಮನುಷ್ಯನಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ಅನುಮಾನ, ಗೋಡೆ ಗಡಿಯಾರದ ಮೇಲೆ ಅನುಮಾನ. ಮದುವೆಯಾದ ಹೊಸತರಲ್ಲಿ ನಾನು ತವರಿನಿಂದ ಎರಡು ದಿನ ತಡವಾಗಿ ಬಂದಾಗ ಬಸ್ಸಿನ ಟಿಕೆಟ್ಟಿನ ತಾರೀಕು ನೋಡಿದ ಪುಣ್ಯಾತ್ಮ. ಇವರು ಅನುಮಾನಪಡದ ಜೀವ ಈ ಭೂಮಿಯ ಮೇಲೆ ಒಂದೇ ಒಂದು, ಇವರ ಅಕ್ಕ. ತಾಯಿ ಹೋದಾಗ ಇವರಿಗೆ ಒಂಬತ್ತು ವರ್ಷ. ಅಕ್ಕ ಹೊಲಿಗೆ ಮಿಷನ್ ತುಳಿದು ತುಳಿದು ಇವರನ್ನು ಸಾಕಿದರು.

ಆ ಅಕ್ಕನ ಕಣ್ಣು ಹಳದಿಯಾಯಿತು. ಲಿವರ್ ಕೆಟ್ಟಿದೆ, ರಕ್ತಸಂಬಂಧಿಗಳು ಯಾರಾದರೂ ಸ್ವಲ್ಪ ಕೊಟ್ಟರೆ ಬದುಕುತ್ತಾರೆ ಎಂದರು ಡಾಕ್ಟರು. ಇವರದು ಹೊಂದಿಕೊಂಡಿತು, ಆದರೆ ಇವರ ಲಿವರಿನಲ್ಲೇ ಕೊಬ್ಬು ತುಂಬಿತ್ತು. "ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿಸಿ ಬನ್ನಿ, ಮತ್ತೆ ಸ್ಕ್ಯಾನ್ ಮಾಡೋಣ. ಅದಕ್ಕಿಂತ ಹೆಚ್ಚು ದಿನ ನಿಮ್ಮಕ್ಕ ಕಾಯೋ ಸ್ಥಿತೀಲಿಲ್ಲ" ಎಂದರು.

ನಾನು ಒಳ್ಳೆಯವಳ ಹಾಗೆ ತಲೆಯಾಡಿಸಿದೆ. ನಿಜ ಹೇಳುತ್ತೇನೆ, ನನಗೆ ಬೇಡವಾಗಿತ್ತು. ನೆಟ್ಟಗಿರುವ ಗಂಡನನ್ನು ಮಲಗಿಸಿ ಕೊಯ್ಯಲು ಯಾವ ಹೆಂಡತಿ ಬಿಡುತ್ತಾಳೆ? ಆದರೆ ಅದನ್ನು ಬಾಯಿ ಬಿಟ್ಟು ಹೇಳುವುದು ಹೇಗೆ?

ಇವರು ಹೆಜ್ಜೆ ಎಣಿಸುವ ವಾಚು ತಂದರು. ಫೋನಿನಲ್ಲಿ ಊಟದ ಲೆಕ್ಕದ ಆ್ಯಪ್ ಹಾಕಿಸಿಕೊಂಡರು. ದಿನಕ್ಕೆ ಇಷ್ಟು ಕ್ಯಾಲೊರಿ ತಿನ್ನಬಹುದು ಎಂದು ಅದು ಹೇಳುತ್ತದೆ, ನಡೆದರೆ ನಡೆದಷ್ಟಕ್ಕೆ ಇನ್ನೂ ಸ್ವಲ್ಪ ತಿನ್ನಲು ಬಿಡುತ್ತದೆ. ದಿನಾ ಬೆಳಿಗ್ಗೆ ಐವತ್ತು ನಿಮಿಷ ನಡೆದರು. ತಿಂದದ್ದನ್ನೆಲ್ಲ, ಅರ್ಧ ಬಿಸ್ಕೆಟ್ಟನ್ನೂ ಬಿಡದೆ, ಬರೆದರು. ಐದು ವಾರಕ್ಕೆ ಇಳಿದದ್ದು ಅರ್ಧ ಕಿಲೋ.

ಶುರುವಾಯಿತು ನೋಡಿ ಅನುಮಾನ. ಮೊದಲು ಮನೆಯ ತೂಕದ ಯಂತ್ರದ ಮೇಲೆ. ಕಾಟಾ ಪರೀಕ್ಷೆಗೆ ಇಟ್ಟಿರುವ ಇಪ್ಪತ್ತು ಕಿಲೋದ ಕಬ್ಬಿಣದ ಗುಂಡನ್ನು ಹೊತ್ತು ತಂದು ಅದರ ಮೇಲಿಟ್ಟರು. ಯಂತ್ರ ಇಪ್ಪತ್ತು ಎಂದೇ ತೋರಿಸಿತು. ಪಾಪ, ಅದು ಪಾರಾಯಿತು. ಆಮೇಲೆ ಎಣ್ಣೆ ಬಾಟಲಿಯ ಮೇಲೆ ಪೆನ್ನಿನಿಂದ ಸಣ್ಣ ಗೆರೆ ಬಿತ್ತು. ನಾನು ನೋಡಿಯೂ ನೋಡದವಳ ಹಾಗಿದ್ದೆ. ಒಂದು ಶುಕ್ರವಾರ ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

"ನಾನು ಕೊಡೋದು ನಿಂಗೆ ಇಷ್ಟ ಇಲ್ಲ, ಅಲ್ವಾ? ಅದಕ್ಕೇ ಪಲ್ಯಕ್ಕೆ ಎಣ್ಣೆ ಸುರೀತಿದ್ದೀಯ."

"ಬಾಟಲಿಗೆ ಗೆರೆ ಎಳೆದಿದ್ದೀರಲ್ಲ, ಹೋಗಿ ಓದ್ಕೊಳ್ಳಿ. ಹೊರಗೆ ಏನು ಮುಕ್ಕಿ ಬರ್ತೀರೋ, ಬೈಗುಳ ಮಾತ್ರ ನಂಗೆ."

ಸೌಟು ಎಸೆದು ಎದ್ದು ಹೋದೆ. ಎಣ್ಣೆಯ ಮಾತು ಸುಳ್ಳು, ಇಷ್ಟವಿಲ್ಲ ಎಂದದ್ದು ನಿಜ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ಸಿಟ್ಟೂ ಆ ಜಾತಿಯದೇ.

ಈಗ ಅನುಮಾನ ನನಗೂ ಅಂಟಿಕೊಂಡಿತು. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಜೇಬು ತಡಕುವುದು ಕೆಲಸದ ಭಾಗ. ಇವರ ಅಂಗಿಯ ಜೇಬು ಕೊಡವಿದೆ, ಪ್ಯಾಂಟಿನ ಜೇಬು ಮಗುಚಿದೆ. ಒಂದು ತುಣುಕು ತಿಂಡಿ ಸಿಗಲಿಲ್ಲ. ಭಾನುವಾರ ಕಾವಲಿಗೆಂದೇ ಇವರ ಜೊತೆ ನಾನೂ ವಾಕಿಂಗಿಗೆ ಹೋದೆ. ಬಂದ ಮೇಲೆ ಇವರು ಸ್ನಾನಕ್ಕೆ ಹೋದರು, ನಾನು ಇವರ ಫೋನಿನಲ್ಲಿ ಆ ಆ್ಯಪ್ ತೆಗೆದೆ.

ಆ ದಿನದ ಪುಟದಲ್ಲಿ ನಡಿಗೆ ಎರಡು ಸಲ ಇತ್ತು. ಒಂದು ಸಾಲಿನ ಪಕ್ಕ ಪುಟ್ಟ ವಾಚಿನ ಚಿತ್ರ: ನಡಿಗೆ, ಐವತ್ತು ನಿಮಿಷ, ಇನ್ನೂರ ಅರವತ್ತು ಕ್ಯಾಲೊರಿ. ಅದರ ಕೆಳಗೆ ಪೆನ್ಸಿಲ್ಲಿನ ಚಿತ್ರ: ನಡಿಗೆ, ಐವತ್ತು ನಿಮಿಷ, ಇನ್ನೂರ ಅರವತ್ತು. ನಾವು ನಡೆದದ್ದು ಒಂದೇ ಸಲ, ಜೊತೆಯಲ್ಲಿದ್ದವಳು ನಾನೇ ತಾನೇ? ವಾಚು ತನ್ನ ಪಾಡಿಗೆ ಲೆಕ್ಕ ಕಳಿಸಿತ್ತು, ಇವರು ಬೆರಳಲ್ಲಿ ಒತ್ತಿ ಅದನ್ನೇ ಇನ್ನೊಮ್ಮೆ ಸೇರಿಸಿದ್ದರು. ಹಿಂದಿನ ಪುಟಗಳನ್ನು ನೋಡಿದೆ. ಮೊದಲ ದಿನದಿಂದಲೂ ಹೀಗೆಯೇ. ನಡೆದು ಕರಗಿಸಿದ್ದು ಒಂದು ಪಾಲು, ಫೋನು ತಿನ್ನಲು ಬಿಟ್ಟದ್ದು ಎರಡು ಪಾಲು. ಅಂದು ಸಂಜೆ ಇವರು ಬೆಣ್ಣೆ ಹಚ್ಚಿದ ಬ್ರೆಡ್ಡು ಎರಡು, ಬಾಳೆಹಣ್ಣು ಎರಡು ತಿಂದರು. "ಕದ್ದು ತಿಂತಿಲ್ಲ, ಫೋನೇ ತಿನ್ನು ಅಂತಿದೆ" ಎಂದರು.

ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟವಳು ನಾನು. ಬಾಯಿ ಬಿಡಲಿಲ್ಲ. ಸೋಮವಾರ ಬಿಡಲಿಲ್ಲ, ಮಂಗಳವಾರ, ಬುಧವಾರವೂ ಬಿಡಲಿಲ್ಲ. ಇನ್ನು ಏಳು ವಾರ ಸುಮ್ಮನಿದ್ದರೆ ಸಾಕು, ಡಾಕ್ಟರೇ ಬೇಡ ಎನ್ನುತ್ತಾರೆ, ಯಾರೂ ನನ್ನ ಕಡೆ ಬೆರಳು ತೋರಿಸುವಂತಿಲ್ಲ. ಎಣ್ಣೆ ಸುರಿಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಇಸ್ತ್ರಿ ಮಾಡುತ್ತಾ ಕೇಳಿಕೊಂಡೆ. ಉತ್ತರ ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ಗುರುವಾರ ಅಕ್ಕನಿಗೆ ಒಗೆದ ಬಟ್ಟೆ ಕೊಡಲು ಹೋದೆ. ಮಂಚದ ಮೇಲೆ ಒರಗಿಕೊಂಡು ಸೂಜಿ ಹಿಡಿದು ಕೂತಿದ್ದರು. ಮಡಿಲಲ್ಲಿ ಇವರ ಬೂದು ಬಣ್ಣದ ಪ್ಯಾಂಟು.

"ಎಂಟು ಕಿಲೋ ಅಂದ್ರೆ ಸೊಂಟ ಎರಡಿಂಚು ಹಿಡೀಬೇಕಾಗತ್ತೆ. ಮಿಷನ್ ತುಳಿಯೋಕಾಗಲ್ಲ, ಕೈಲೇ ಹೊಲಿದೆ" ಎಂದರು. ದಾರ ಕಡಿದು, ಒಳಮೈ ಮಗುಚಿ ತೋರಿಸಿದರು. "ಒಳಗೆ ಬಟ್ಟೆ ಬಿಟ್ಟಿದ್ದೀನಿ ನೋಡಮ್ಮ. ಇಳೀಲಿಲ್ಲ ಅಂದ್ರೆ ಬಿಚ್ಚಿಕೊಡು. ಅವನಿಗೇನೂ ಅನ್ನಬೇಡ, ಮೊದಲೇ ಹೆದರುಪುಕ್ಕಲ."

ತನ್ನ ಜೀವ ಉಳಿಯದಿದ್ದರೆ ತಮ್ಮನಿಗೆ ಪ್ಯಾಂಟು ಬಿಗಿಯಾಗಬಾರದು ಎಂದು ಎರಡಿಂಚು ಬಟ್ಟೆ ಬಿಟ್ಟಿದ್ದಾರೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಸಂಜೆ ಇವರು ಶೂ ಬಿಚ್ಚುವ ಮೊದಲೇ ಫೋನು ಎದುರಿಗಿಟ್ಟೆ. "ಒಂದೇ ನಡಿಗೆಗೆ ಎರಡು ಚೀಟಿ. ವಾಚು ಒಂದು ಬರೆದಿದೆ, ನೀವೊಂದು ಬರೆದಿದ್ದೀರಿ." ಎರಡೂ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದೆ.

ಇವರು ಎರಡು ಸಲ ಓದಿದರು. "ಎಣ್ಣೆ ಅಂತ ನಿನ್ನ ಬೈದೆನಲ್ಲ, ತಪ್ಪಾಯ್ತು ಕಣೇ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ತಪ್ಪು ಅನ್ನಬೇಡಿ. ನಂಗೆ ಭಾನುವಾರವೇ ಗೊತ್ತಾಗಿತ್ತು. ಬೇಕಂತಲೇ ಹೇಳಲಿಲ್ಲ."

ಸಿಡಿಯುತ್ತಾರೆಂದು ಕಾದೆ. ಸಿಡಿಯಲಿಲ್ಲ. ಆಗ ನನಗೇ ಅನುಮಾನ ಬಂತು. ಹಗ್ಗದ ಗಂಟು ನೋಡಿ ಕಳ್ಳನನ್ನು ಹಿಡಿದ ಕಣ್ಣಿಗೆ ಅಂಗೈ ಮೇಲಿನ ಎರಡು ಸಾಲು ಐದು ವಾರ ಕಾಣಲಿಲ್ಲವೇ?

"ರೀ, ನಿಜ ಹೇಳಿ. ನಿಮಗೆ ಕಂಡಿರಲಿಲ್ವಾ?"

ಒಂದು ಶೂ ಕೈಯಲ್ಲಿ ಹಿಡಿದು ಕೂತೇ ಇದ್ದರು. "ಎರಡನೇ ವಾರ ಏನೋ ಸರಿಯಿಲ್ಲ ಅನ್ನಿಸ್ತು. ಎಲ್ಲರ ಚೀಟಿ ಬಿಚ್ಚಿ ನೋಡ್ತೀನಿ. ಇದನ್ನ ನೋಡೋಕೆ ಧೈರ್ಯ ಬರಲಿಲ್ಲ. ಕೊಯ್ತಾರೆ ಅಂದ್ರೆ ಭಯ ಕಣೇ ನಂಗೆ. ಅದನ್ನ ಅಕ್ಕನಿಗೆ ಹೆಂಗೆ ಹೇಳಲಿ?"

ಶೂ ಕೆಳಗಿಟ್ಟು ಫೋನು ಎತ್ತಿಕೊಂಡರು. ಆಮೇಲೆ ಇವರೇ ಪೆನ್ಸಿಲ್ ಚಿತ್ರದ ಸಾಲನ್ನು ಅಳಿಸಿದರು. ಇನ್ನು ವಾಚು ಕಳಿಸಿದ್ದೊಂದೇ ಲೆಕ್ಕ, ಕೈಯಿಂದ ಬರೆಯುವುದು ಬಂದ್.

"ದಿನಾ ನೀನೂ ನೋಡು. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."

"ನನ್ನ ಮೇಲಿದೆಯಾ?"

"ಅದೂ ಇಲ್ಲ. ಅದಕ್ಕೇ ಇಬ್ಬರೂ ಸಹಿ ಹಾಕೋಣ."

ಕ್ಯಾಲೆಂಡರಿನ ಒಂದೊಂದು ತಾರೀಕಿನ ಮೇಲೂ ಎರಡೆರಡು ಸಹಿ ಬಿದ್ದವು. ಬೆಣ್ಣೆ ಡಬ್ಬಿ ಪಕ್ಕದ ಮನೆಗೆ ಹೋಯಿತು. ಹಸಿವಿಗೆ ಇವರು ನನ್ನ ಮೇಲೆ ಹರಿಹಾಯ್ದರು, ನಾನೂ ಬಿಡಲಿಲ್ಲ. ಏಳು ವಾರಕ್ಕೆ ಇನ್ನೂ ಆರು ಕಿಲೋ ಇಳಿಯಿತು. ಡಾಕ್ಟರು ಸ್ಕ್ಯಾನ್ ನೋಡಿ, ಎಂಟಾಗದಿದ್ದರೂ ಕೊಬ್ಬು ಕರಗಿದೆ, ಸಾಕು ಎಂದರು.

ಆಪರೇಷನ್ನಿಗೆ ಒಪ್ಪಿಗೆ ಕೊಡುವ ಆಸ್ಪತ್ರೆಯ ಫಾರಮ್ಮಿನ ಕೊನೆಯಲ್ಲಿ ಕೊಡುವವರಿಗೊಂದು, ಅವರ ಮನೆಯವರಿಗೊಂದು ಸಹಿಯ ಜಾಗ. ಅಕ್ಕ ಹಿಡಿದುಕೊಟ್ಟ ಬೂದು ಪ್ಯಾಂಟು ಹಾಕಿಕೊಂಡಿದ್ದ ಇವರು ಎರಡು ಸಲ ಓದಿ, ಸಹಿ ಹಾಕಿ, ಪೆನ್ನು ನನ್ನ ಕಡೆ ತಳ್ಳಿದರು. "ಓದಿ ಸಹಿ ಹಾಕು" ಎಂದರು.

ಓದಿದೆ. ಏನೇನು ಆಗಬಹುದು ಎಂಬ ಪಟ್ಟಿಯೇ ಒಂದೂವರೆ ಪುಟ. ಜೀವಕ್ಕೆ ಅಪಾಯ ಎಂದಿದ್ದ ಕೊನೆಯ ಸಾಲನ್ನು ಎರಡು ಸಲ ಓದಿದೆ.

"ನಿಂಗೆ ಈಗಲೂ ಇಷ್ಟ ಇಲ್ಲ, ಅಲ್ವಾ?"

"ಇಲ್ಲ" ಎಂದೆ, ಸಹಿ ಹಾಕಿದೆ.

ಇವರು ಕಾಗದ ಎತ್ತಿ ಕಣ್ಣಿನ ಹತ್ತಿರ ಹಿಡಿದು, ಸಹಿ ನನ್ನದೇ ಹೌದಾ ಎಂದು ನೋಡಿದರು.