ಹೊರಗೆ ತೆಗೆದ ಕೇಕು

ಗಡಿನಾಡಿನ ನೆಕ್ರಾಜೆಯ ನಮ್ಮ ಮನೆಯಲ್ಲಿ ತಮ್ಮನ ಮಗಳ ಹುಟ್ಟುಹಬ್ಬದ ಕೇಕಿನ ಅರ್ಧವನ್ನಷ್ಟೇ ಆ ದಿನ ತಿನ್ನುವುದು. ಉಳಿದರ್ಧ ತಮ್ಮನ ಪಾಲು. ಅವನು ಇರುವುದು ಗಲ್ಫಿನಲ್ಲಿ. ರಜೆ ಸಿಕ್ಕಿ ಬರುವವರೆಗೆ ಅದು ಫ್ರೀಜರಿನಲ್ಲಿರುತ್ತದೆ. ಅವನ ಹೆಂಡತಿ ಅದನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಬಂಗುಡೆ ಮೀನಿನ ವಾಸನೆ ಹಿಡಿಯದ ಹಾಗೆ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚುತ್ತಾಳೆ. ಹೊರಗೆ ತೆಗೆಯುವುದಕ್ಕೂ ಅವಳದ್ದೊಂದು ಕ್ರಮ ಉಂಟು. ವಿಮಾನ ಹತ್ತಿದೆ ಎಂದು ಅವನ ಮೆಸೇಜ್ ಬಂದ ಮೇಲೆಯೇ ತೆಗೆಯುವುದು. ಅವನು ಮಂಗಳೂರಿನಲ್ಲಿ ಇಳಿದು ಮನೆ ತಲುಪುವಷ್ಟರಲ್ಲಿ ಕೇಕು ಮೆತ್ತಗಾಗಿರುತ್ತದೆ. ಅಲ್ಲಿಯವರೆಗೆ ಹಾಳೆ ಬಿಚ್ಚಬಾರದು. ಬಿಚ್ಚಿದರೆ ತೇವವೆಲ್ಲ ಕೇಕಿನ ಮೇಲೆಯೇ ಕೂರುತ್ತದೆ.

ಈ ಸಲ ಮೆಸೇಜ್ ಬೆಳಿಗ್ಗೆಯೇ ಬಂತು. ಅವಳು ಡಬ್ಬಿಯನ್ನು ತಂದು ಊಟದ ಮೇಜಿನ ಮೇಲಿಟ್ಟಳು. ನಾನು ಅದೇ ಮೇಜಿನಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದೆ. ಟಿವಿಯಲ್ಲಿ ಮಲಯಾಳಂ ವಾರ್ತೆ ಬರುತ್ತಿತ್ತು. ತಮ್ಮ ಇರುವ ಊರಿನ ಹತ್ತಿರ ಕ್ಷಿಪಣಿ ಬಿದ್ದಿದೆ, ಆ ಕಡೆಯ ಆಕಾಶವನ್ನೆಲ್ಲ ವಿಮಾನಗಳಿಗೆ ಮುಚ್ಚಿದ್ದಾರೆ ಎಂದರು. ಆಗಲೇ ಹಾರಿದವುಗಳ ಗತಿ ಎಂತ ಎಂದು ಹೇಳಲಿಲ್ಲ.

ಅವಳು ಫೋನ್ ಮಾಡಿದಳು. ಸ್ವಿಚ್ ಆಫ್. ವಿಮಾನದಲ್ಲಿದ್ದರೆ ಆಫ್ ಇರುವುದೇ ಸರಿ ಎಂದು ನಾನು ಹೇಳಿದೆ. ಹೇಳಿದ ಮೇಲೆ ಆ ಮಾತು ನನಗೇ ಹಿಡಿಸಲಿಲ್ಲ.

ಆಮೇಲೆ ಅವಳು ಟಿವಿಯ ಕಡೆ ನೋಡಲೇ ಇಲ್ಲ. ಡಬ್ಬಿಯ ಹೊರಗೆಲ್ಲ ಹನಿ ಕಟ್ಟಿತ್ತು. ಅದನ್ನು ಬಟ್ಟೆಯಲ್ಲಿ ಒರೆಸುವಳು, ಮತ್ತೆ ಕಟ್ಟುತ್ತಿತ್ತು, ಮತ್ತೆ ಒರೆಸುವಳು. ಅವನು ಮನೆಯಲ್ಲಿರಬೇಕಾಗಿದ್ದ ಹೊತ್ತು ಕಳೆಯಿತು. ಡಬ್ಬಿ ಒಣಗಿತು. ಈಗಲೇ ಫ್ರೀಜರಿಗೆ ಇಟ್ಟುಬಿಡು, ಹಾಳಾದೀತು ಎಂದೆ.

"ಒಮ್ಮೆ ಕರಗಿದ್ದನ್ನು ಪುನಃ ಇಟ್ಟರೆ ಹುಡಿಹುಡಿಯಾಗುತ್ತದೆ ಅತ್ತಿಗೆ," ಎಂದಳು. ಒರೆಸುವ ಬಟ್ಟೆಯನ್ನು ಮಡಚಿಟ್ಟು, "ಇಟ್ಟರೆ ಅವರು ಬರುವುದಿಲ್ಲ ಅಂತ ನಾನೇ ಹೇಳಿದ ಹಾಗೆ ಅಲ್ವಾ?" ಎಂದಳು.

ನಾನು ಎದ್ದು ಟಿವಿ ಆಫ್ ಮಾಡಿದೆ.

ಮಗಳು ಹೊಸ ಫ್ರಾಕು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ಎರಡನೇ ಕ್ಲಾಸಿನ ಹುಡುಗಿ. ಯಾವ ಗಾಡಿಯ ಸದ್ದಾದರೂ ಗೇಟಿನವರೆಗೆ ಓಡಿ ಹಿಂದೆ ಬರುವಳು. ಪಪ್ಪನ ವಿಮಾನ ಪಂಕ್ಚರಾ ಅತ್ತೆ ಎಂದು ನನ್ನನ್ನು ಕೇಳಿದಳು. ಆಗಿರಬಹುದು ಎಂದೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನ್ ಬಂತು. ತಮ್ಮನ ಹೆಂಡತಿ ಎತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ವಿಮಾನ ಹಾರಿ ಅರ್ಧ ದಾರಿಯಿಂದ ಹಿಂದೆ ತಿರುಗಿತಂತೆ. ಹೊರಟಲ್ಲಿಯೇ ಇಳಿಸಿದರಂತೆ. ಅವನು ತನ್ನ ರೂಮಿಗೆ ವಾಪಸು ಬಂದಿದ್ದ. ಮುಂದಿನ ವಿಮಾನ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಅವನು ಮಾತಾಡುವಾಗ ಹಿಂದಿನಿಂದ ಉದ್ದಕ್ಕೆ ಒಂದು ಸೈರನ್ ಕೇಳಿತು. ಆಂಬುಲೆನ್ಸ್ ಎಂದ. ಅದೇನೆಂದು ಯಾರೂ ಕೇಳಿರಲಿಲ್ಲ.

ಮಗಳು ಫೋನಿನ ಹತ್ತಿರ ಬಾಯಿ ತಂದು, "ಪಪ್ಪ, ಕೇಕು ಕರಗಿದೆ. ಎಂತ ಮಾಡುವುದು?" ಎಂದಳು.

"ನೀವು ತಿನ್ನಿ ಮಗಾ. ನಾನು ಇಲ್ಲಿಂದ ನೋಡ್ತೇನೆ. ವೀಡಿಯೋ ಹಾಕು."

ತಮ್ಮನ ಹೆಂಡತಿ ಹಾಳೆ ಬಿಚ್ಚಿದಳು. ಕೇಕು ಚೆನ್ನಾಗಿಯೇ ಇತ್ತು, ಒಂದು ಹನಿ ತೇವ ಕೂಡ ಒಳಗೆ ಹೋಗಿರಲಿಲ್ಲ. ಮಗಳಿಗೆ ಕೊಟ್ಟಳು, ನನಗೆ ಕೊಟ್ಟಳು. ತನ್ನ ತುಂಡನ್ನು ನಿಂತೇ ತಿಂದಳು. ನಡುನಡುವೆ ನೀರು ಕುಡಿದಳು. ಫೋನಿನಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ಕಿಟಕಿಗೆ ಕಂಬಳಿ ಕಟ್ಟಿದ್ದ. ಸಕ್ಕರೆ ಜಾಸ್ತಿ ಆಗಿದೆಯಾ ಎಂದು ಕೇಳಿದ. ಇಲ್ಲ, ಸರಿ ಉಂಟು ಎಂದಳು.

ತಿಂದು ಮುಗಿದ ಮೇಲೂ ಯಾರೂ ಫೋನ್ ಇಡಲಿಲ್ಲ. ಅವಳು ಚಾರ್ಜರ್ ತಂದು ಸಿಕ್ಕಿಸಿದಳು.