ಬಿಳಿ ನೌಕೆಗೆ ಬೂದು ಬಣ್ಣ ಹೊಡೆದದ್ದು

ನನ್ನ ಸೋದರಮಾವನ ಕಣ್ಣು ಮಂದ, ಕಿವಿ ಚುರುಕು. ಪುಣೆ ಕ್ಯಾಂಪಿನ ಒಂದು ಲಾಂಡ್ರಿಯಲ್ಲಿ ವರ್ಷಾನುಗಟ್ಟಲೆ ಬಾಯ್ಲರ್ ನೋಡಿಕೊಂಡವನು. "ಗೇಜಿನ ಮುಳ್ಳು ಏನರೆ ತೋರಸ್ಲಿ, ನಾ ಸಪ್ಪಳಾ ಕೇಳತೀನಿ" ಎನ್ನುತ್ತಿದ್ದ. ಬಿಬವೇವಾಡಿಯ ಮನೆಗೆ ಯಾರು ಬಂದರೂ ಮೆಟ್ಟಿಲಿನ ಸದ್ದಿನಲ್ಲೇ ಗುರುತಿಸುತ್ತಿದ್ದ. ನಾನು ಮಾತ್ರ ದಿನಕ್ಕೊಬ್ಬರ ಹಾಗೆ ಹತ್ತಿ ಆತನಿಗೆ ಮೋಸ ಮಾಡುತ್ತಿದ್ದೆ.

ಅನುಕರಣೆ ನನ್ನ ರೋಗ. ಹಿಂಜವಾಡಿಯ ಆಫೀಸಿನಲ್ಲಿ ಮ್ಯಾನೇಜರನ ದನಿಯನ್ನು ಮ್ಯಾನೇಜರನೇ ಇರುವ ಮೀಟಿಂಗಿನಲ್ಲಿ, ಮೈಕ್ ಆಫ್ ಆಗಿದೆ ಎಂದುಕೊಂಡು ತೆಗೆದವನು ನಾನು. ಬುದ್ಧಿಯನ್ನೂ ಎಲ್ಲಿಂದಾದರೂ ಅನುಕರಿಸಬಹುದಿತ್ತು.

ನಿವೃತ್ತನಾದ ಮೇಲೆ ಮಾಮಾ ಹಳೇ ಪುಸ್ತಕದ ಅಂಗಡಿಯಿಂದ ಎರಡು ಚಿತ್ರ ತಂದಿದ್ದ. ಮೊದಲನೆಯದರಲ್ಲಿ ಯಾರೋ ಸಾಹುಕಾರನ ಉಗಿ ವಿಹಾರನೌಕೆ. ಹಾಲಿನಂಥ ಬಿಳುಪು, ಡೆಕ್ಕಿನ ಮೇಲೆ ಬೆತ್ತದ ಕುರ್ಚಿಗಳು. ಎರಡನೆಯದರಲ್ಲಿ ಅದೇ ನೌಕೆ, ಆದರೆ ಯುದ್ಧಕಾಲ. ನೌಕಾಪಡೆ ಅದನ್ನು ತೆಗೆದುಕೊಂಡು, ಬೂದು ಬಳಿದು, ಮುಂದೊಂದು ತೋಪು ಕೂರಿಸಿ, ಕರಾವಳಿ ಕಾಯಲು ಕಳಿಸಿತ್ತು. ಮೊದಲ ಚಿತ್ರ ನೋಡಿ ಮಾಮಾ ಎರಡು ಮೊಳದ ಮಾದರಿ ಕಟ್ಟಿದ. ಒಳಗೆ ನಿಜವಾದ ತಾಮ್ರದ ಬಾಯ್ಲರ್, ಕೆಳಗೆ ಸ್ಪಿರಿಟ್ ದೀಪ, ಪಕ್ಕದಲ್ಲಿ ಒತ್ತಡ ತೋರಿಸುವ ಪುಟ್ಟ ಮುಳ್ಳಿನ ಗೇಜು. ಮಾಳಿಗೆಯ ಮೇಲಿನ ಟಬ್ಬಿನಲ್ಲಿ ಅದು ಒಂದು ವರ್ಷ ಸಾಹುಕಾರನ ಹಾಗೆ ಸುತ್ತಿತು.

ಆಮೇಲೆ ಟಬ್ಬಿನಲ್ಲೂ ಯುದ್ಧ ಶುರುವಾಯಿತು. ಬೆತ್ತದ ಕುರ್ಚಿಗಳು ಹೋದವು. ಪೆನ್ನಿನ ನಿಬ್ಬಿನ ಕೊಳವೆ ತೋಪಾಯಿತು, ಮಾಮಿಯ ದಾರದ ಉಂಡೆಗಳು ಜಲಾಂತರ್ಗಾಮಿಗಳ ಮೇಲೆ ಎಸೆಯುವ ಬಾಂಬುಗಳಾದವು. ಬೂದು ಬಣ್ಣ ಸ್ಪ್ರೇ ಮಾಡುವುದು ನನ್ನ ಪಾಲಿನ ಕೆಲಸ. ಡೆಕ್ಕಿನಿಂದ ಒಂದು ಪುಟ್ಟ ಸೇಫ್ಟಿ ವಾಲ್ವ್ ಮೂಗು ಚಾಚಿತ್ತು. ಒಳಗಿನ ಒತ್ತಡ ಹೆಚ್ಚಾದರೆ ಉಸ್ಸೆಂದು ಉಗಿ ಬಿಡುವುದು ಅದೇ.

"ಬಣ್ಣ ಹತ್ತಬಾರದು, ವಾಲ್ವಿಗೆ ಟೇಪ್ ಹಚ್ಚೀಯೇನಲೇ?" ಮಾಮಾ ಕೇಳಿದ.

ನಾನಾಗ ಹೌಸಿಂಗ್ ಸೊಸೈಟಿಯ ಚೇರ್ಮನ್ನನ ಹಾಗೆ, ಹೊಟ್ಟೆ ಮುಂದೆ ಮಾಡಿ, "ಪಾಣೀ ಜಪೂನ್ ವಾಪರಾ!" ಎಂದು ಮಾಮಿಗೆ ನೀರು ಮಿತವಾಗಿ ಬಳಸುವ ಉಪದೇಶ ಮಾಡುತ್ತಿದ್ದೆ. ಮಾಮಿ ನಗುತ್ತಿದ್ದಳು. "ಹೂಂ ಮಾಮಾ, ಹಚ್ಚೀನಿ" ಎಂದೆ. ಹಚ್ಚಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಮಾ ದೀಪ ಹೊತ್ತಿಸಿದ. ನೀರು ಗುನುಗಿತು, ಕುದಿಯಿತು. ಆತ ತೋಪಿನ ಸ್ಕ್ರೂ ಬಿಗಿಮಾಡುತ್ತ ವಾಲ್ವಿನ ಸಿಳ್ಳೆಗೆ ಕಾಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಹಿಂದೆ ನಿಂತು, ಹಲ್ಲಿನ ಸಂದಿಯಿಂದ, ಉಸ್ಸ್ ಎಂದೆ.

"ವಾಲ್ವ್ ತೆರೀತು ನೋಡು. ಭೇಷ್!" ಎಂದು ಆತ ನಿಶ್ಚಿಂತನಾಗಿ ಬಾಯ್ಲರಿನ ಮೇಲೆಯೇ ಮುಖ ಬಗ್ಗಿಸಿದ. ಕಣ್ಣು ಮಂದವಲ್ಲವೇ, ಸ್ಕ್ರೂ ಕಾಣಲು ಮೂಗು ಅಷ್ಟು ಹತ್ತಿರ ಬೇಕು.

ನಗು ಮುಗಿಸಿ ನಾನು ಮುಳ್ಳು ನೋಡಿದೆ. ಕೆಂಪು ಗೆರೆ ದಾಟಿತ್ತು. ವಾಲ್ವ್ ನೋಡಿದೆ. ಅದರ ಸುತ್ತ ಬೂದು ಬಣ್ಣ ಗಟ್ಟಿಯಾಗಿ ಕೂತಿತ್ತು. ಉಗಿಯ ಒಂದು ಎಳೆಯೂ ಇಲ್ಲ.

"ಮಾಮಾ, ಹಿಂದ ಸರಿ. ಉಸ್ ಅಂದಿದ್ದು ನಾನು. ವಾಲ್ವ್ ತೆರದಿಲ್ಲ."

"ಛಲೋ ಅದ. ಈಗ ಅಂಜಿದವರ ದನೀನೂ ತಗೀತಿ ಏನು?"

"ಖರೇನ ಮಾಮಾ!"

"ನಿನ್ನ ಖರೇ ನನಗ ಗೊತ್ತಿಲ್ಲೇನಲೇ?" ಆತ ಇನ್ನೂ ಬಗ್ಗಿದ.

ಇನ್ನೊಂದು ಮಾತು ಹುಡುಕಿದೆ. ಇಷ್ಟು ಜನರ ದನಿ ಇರುವ ಗಂಟಲಿನಲ್ಲಿ ನಂಬುವಂಥದ್ದು ಒಂದೂ ಇರಲಿಲ್ಲ. ಆತನ ಬನಿಯನ್ನಿನ ಬೆನ್ನು ಹಿಡಿದು ಎಳೆದೆ. ಆತ ಧೊಪ್ಪೆಂದು ಕೂತ. ದೀಪದ ತಟ್ಟೆಯನ್ನು ಬರಿಗೈಯಲ್ಲಿ ಹೊರಗೆಳೆದು ಎಸೆದೆ. ಬೆರಳಿನ ಚರ್ಮ ಅದಕ್ಕೇ ಅಂಟಿಕೊಂಡಿತು. ನಾನು ಕೂಗಿದ್ದು ಯಾರ ದನಿಯಲ್ಲೋ ಗೊತ್ತಿಲ್ಲ, ಆದರೆ ಆ ಕೂಗನ್ನು ಮಾಮಾ ನಂಬಿದ.

ಇಬ್ಬರೂ ನೀರಿನ ಟಾಕಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತೆವು. ಮೆಟ್ಟಿಲಿನ ಮೇಲೆ ಮಾಮಿಯ ಬಳೆ ಸದ್ದು.

"ಏನ್ ಬಿತ್ತರೀ ಮ್ಯಾಲೆ?"

"ಬರಬ್ಯಾಡ! ಅಲ್ಲೇ ನಿಲ್ಲು!" ಮಾಮಾ ಹಾಗೆ ಚೀರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಬಾಯ್ಲರ್ ಟಕ್ ಎನ್ನುತ್ತಿತ್ತು. ಮತ್ತೆ ಟಕ್. ಒಡೆಯುವ ಸದ್ದೋ ತಣಿಯುವ ಸದ್ದೋ ಆತನಿಗೂ ಹೇಳಲಾಗಲಿಲ್ಲ. ಪ್ರತಿ ಸಲವೂ ನನ್ನ ಮೊಣಕೈ ಹಿಡಿಯುತ್ತಿದ್ದ. ಬೆರಳು ಉರಿಯುತ್ತಿದ್ದರೂ ನಾನು ಉಸಿರು ಬಿಗಿಹಿಡಿದಿದ್ದೆ. ಉಸಿರು ಬಿಟ್ಟರೆ ಅದೂ ಉಸ್ಸೆಂದೀತು ಎಂಬ ಭಯ.

ಬಿಸಿಲು ಟಾಕಿ ದಾಟಿ ಈಚೆ ಬಂದ ಮೇಲೆ ನಾನೇ ಬಗ್ಗಿ ನೋಡಿದೆ. ಮುಳ್ಳು ಕೆಳಗಿಳಿದಿತ್ತು.

ಮಾಮಾ ಉಗುರಿನಿಂದ ವಾಲ್ವಿನ ಬಣ್ಣ ಕೆರೆದ. ಬೈಯುತ್ತಾನೆ ಎಂದುಕೊಂಡೆ. "ಆ ಸಪ್ಪಳಾ ಮತ್ತೊಮ್ಮೆ ತಗಿ" ಎಂದ. ತೆಗೆದೆ. ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ತೆಗೆಸಿದ.

"ವಾಲ್ವಿಗೂ ನಿನಗೂ ಫರಕ್ ತಿಳೀವಲ್ದಲ್ಲೋ" ಎಂದ.

ನೌಕೆ ಈಗಲೂ ಓಡುತ್ತದೆ. ಮುಳ್ಳನ್ನು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬಂದಿದೆ. ದೀಪ ಹೊತ್ತಿಸುವ ಮೊದಲು ಮಾಮಾ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ. ವಾಲ್ವ್ ಸಿಳ್ಳೆ ಹಾಕಿದ ಕೂಡಲೇ ಆತ ಮೊದಲು ನೋಡುವುದು ನನ್ನ ಬಾಯಿಯನ್ನು. ನಾನು ತುಟಿ ಬಿಗಿದು, ತಲೆ ಅಲ್ಲಾಡಿಸುತ್ತೇನೆ: ನಾನಲ್ಲ. ಆದರೂ ಆತ ಭೂತಗನ್ನಡಿಗೆ ಬಗ್ಗುತ್ತಾನೆ, ನಾನೂ ಬಗ್ಗುತ್ತೇನೆ.